ಹದಿನಾಲ್ಕು ತುಂಬಿತೆಂಬುದಕ್ಕೆ ಪುರಾವೆ

ಮನುಷ್ಯನ ಹುಟ್ಟು ಸಾವುಗಳೆರಡೂ ಅವನ ಕೈಯಲ್ಲಿಲ್ಲ, ಅವುಗಳ ಲೆಕ್ಕ ಇಡುವವನು ಬೇರೊಬ್ಬನಿದ್ದಾನೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಸಾವಿನ ವಿಷಯದಲ್ಲಿ ನಾನು ಅಧಿಕಾರದಿಂದ ಏನೂ ಹೇಳಲಾರೆ. ಹುಟ್ಟಿನ ಲೆಕ್ಕವನ್ನು ಮಾತ್ರ ಒಂಬತ್ತು ವರ್ಷ ನಾನೇ ಇಟ್ಟಿದ್ದೆ. ಕೆಂಪು ಬಟ್ಟೆಯ ಹೊದಿಕೆ ಹಾಕಿದ ಉದ್ದನೆಯ ರಿಜಿಸ್ಟರಿನಲ್ಲಿ, ಮಸಿಯಲ್ಲಿ ಅದ್ದುವ ಲೇಖನಿಯಿಂದ.

ಐವತ್ತರ ದಶಕದ ನಡುವೆ ನಾನು ಮೇಷ್ಟ್ರಾಗಿ ಸೇರಿದ ಮಿಡ್ಲ್ ಸ್ಕೂಲು ಕನಕಪುರ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿತ್ತು. ಜಯನಗರದ ಬ್ಲಾಕುಗಳು ಒಂದೊಂದಾಗಿ ನಮ್ಮ ಕಡೆಗೆ ಸರಿದು ಬರುತ್ತಿದ್ದ ಕಾಲ. ಶಾಲೆಯ ಮುಂಬಾಗಿಲಲ್ಲಿ ನಿಂತರೆ ಸೈಟುಗಳ ಗುರುತಿನ ಕಲ್ಲು, ಹಿಂಬಾಗಿಲಲ್ಲಿ ನಿಂತರೆ ರಾಗಿ ಹೊಲ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ದಾಖಲಾತಿ ರಿಜಿಸ್ಟರು ನನ್ನ ಪಾಲಿಗೆ ಬಂತು.

ಜೂನ್ ತಿಂಗಳಲ್ಲಿ ತಂದೆತಾಯಿಗಳು ಮಕ್ಕಳನ್ನು ಕರೆದು ತರುತ್ತಿದ್ದರು. ಹೊಸ ಬಡಾವಣೆಯ ಗುಮಾಸ್ತರ ಮನೆಯವರು ಜಾತಕ ತರುತ್ತಿದ್ದರು. ಹಳ್ಳಿಯವರು ಜ್ಞಾಪಕ ತರುತ್ತಿದ್ದರು. ರೇಷನ್ನಿನ ಕಂಟ್ರೋಲ್ ಅಕ್ಕಿ ಬಂದ ವರ್ಷ, ಕೆರೆ ಕೋಡಿ ಹರಿದ ವರ್ಷ, ನಮ್ಮ ಸೀಮೆಹಸು ಕರು ಹಾಕಿದ್ದಕ್ಕೆ ಎಂಟು ದಿನ ಮುಂಚೆ. ಇದನ್ನೆಲ್ಲ ಕೇಳಿ ಮುಗಿದ ಮೇಲೆ ನಾವು ವಿಜ್ಞಾನದ ಮೊರೆ ಹೋಗುತ್ತಿದ್ದೆವು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ, ಮುಟ್ಟದಿದ್ದರೆ ಬರುವ ವರ್ಷ. ಕಿವಿ ಸಿಕ್ಕಿದ ಮಗುವಿಗೆ ನಾನು ಒಂದು ವರ್ಷವನ್ನು ಗೊತ್ತು ಮಾಡಿ, ಅದರ ಹಿಂದೆ ಜೂನ್ ಒಂದನೇ ತಾರೀಖು ಎಂದು ಬರೆಯುತ್ತಿದ್ದೆ. ಎಲ್ಲ ಮಕ್ಕಳಿಗೂ ಅದೇ ತಾರೀಖು. ನಮ್ಮ ಶಾಲೆಯ ದಾಖಲೆಯನ್ನು ನಂಬುವುದಾದರೆ ಸುತ್ತಲಿನ ಮೂರು ಹಳ್ಳಿಗಳ ಹೆಂಗಸರೆಲ್ಲ ಜೂನ್ ಒಂದರಂದೇ ಹೆರುತ್ತಿದ್ದರು. ಸೂಲಗಿತ್ತಿಗೆ ಮಿಕ್ಕ ದಿನಗಳೆಲ್ಲ ರಜೆ.

ವರ್ಷವನ್ನು ಗೊತ್ತು ಮಾಡುವುದರಲ್ಲೂ ಒಂದು ಪದ್ಧತಿ ಇತ್ತು. ನಮ್ಮ ಹೆಡ್ ಮೇಷ್ಟ್ರು ಮೊದಲ ದಿನವೇ ಅದನ್ನು ನನಗೆ ಉಪದೇಶ ಮಾಡಿದ್ದರು. "ಬರೆಯೋವಾಗ ವಯಸ್ಸು ಒಂದೆರಡು ವರ್ಷ ಕಮ್ಮಿ ಹಿಡಿದು ಬರೀರಿ ಮೇಷ್ಟ್ರೇ. ನಾಳೆ ಸರ್ಕಾರಿ ಕೆಲಸ ಸಿಕ್ಕಿದ್ರೆ ಅಷ್ಟು ಸರ್ವೀಸ್ ಜಾಸ್ತಿ ಬರುತ್ತೆ. ರಿಟೈರಾಗೋ ಕಾಲಕ್ಕೆ ನಿಮ್ಮನ್ನ ನೆನೆಸ್ಕೋತಾರೆ." ಅವರ ಹೆಸರಿನಲ್ಲೂ ಯಾರೋ ಪುಣ್ಯಾತ್ಮರು ಹೀಗೆ ಹಿಡಿದು ಬರೆದಿದ್ದರು. ಸರ್ಕಾರಿ ಲೆಕ್ಕದ ಪ್ರಕಾರ ಅವರಿಗೂ ಅವರ ಹಿರಿಯ ಮಗನಿಗೂ ಹದಿನಾರೇ ವರ್ಷದ ಅಂತರ. ಇದನ್ನು ಸ್ಟಾಫ್ ರೂಮಿನಲ್ಲಿ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆಡಿಕೊಳ್ಳಬಲ್ಲಷ್ಟು ನಿಜವಾದ ವಯಸ್ಸು ಅಲ್ಲಿ ಯಾರಿಗೂ ಇರಲಿಲ್ಲ.

ನಾನು ಹೇಳಬೇಕಾದ ಹುಡುಗಿಯನ್ನು ಅವಳ ತಾಯಿ ಒಂದು ಜೂನ್‌ನಲ್ಲಿ ಕರೆತಂದರು. ತಂದೆ ಇರಲಿಲ್ಲ. ತಾಯಿ ಊರ ಪಕ್ಕದ ಬಿಸ್ಕತ್ ಕಾರ್ಖಾನೆಯಲ್ಲಿ ಬಿಸ್ಕತ್ತನ್ನು ಕಾಗದದಲ್ಲಿ ಸುತ್ತುವ ಕೆಲಸ ಮಾಡುತ್ತಿದ್ದರು. ಹುಡುಗಿಗೆ ಆರೂವರೆಯಾದರೂ ಆಗಿತ್ತು. ಕೈ ತಲೆಯ ಮೇಲಿಂದ ಹೋಗಿ ಕಿವಿ ಮುಟ್ಟಿ, ಅಲ್ಲಿಗೆ ನಿಲ್ಲದೆ ಕೆನ್ನೆಯನ್ನೂ ಕೆರೆದುಕೊಂಡಿತು. ನಾನು ಐದು ತುಂಬಿದೆ ಎಂದು ಬರೆದೆ. ಹೆಣ್ಣುಮಗಳು ಮುಂದೆ ಸರ್ಕಾರಿ ನೌಕರಿಗೆ ಹೋಗಿ ರಿಟೈರಾದಾಳೆಂದು ಆ ತಾಯಿಯಾಗಲಿ ನಾನಾಗಲಿ ಯೋಚಿಸಿದ್ದೇನೂ ಅಲ್ಲ. ಕೈಗೆ ರೂಢಿಯಾಗಿತ್ತು, ಬರೆಯಿತು.

ಅಕ್ಷರ ಕಲಿಸುವ ಮೊದಲ ವರ್ಷದ ಶಿಶು ತರಗತಿಯೂ ಸೇರಿ ಎಂಟನೆಯ ವರ್ಷಕ್ಕೆ ಅವಳು ಏಳನೇ ತರಗತಿಗೆ ಬಂದಾಗ ಅರವತ್ತರ ದಶಕ ಶುರುವಾಗಿತ್ತು. ಆ ವರ್ಷದ ಫೆಬ್ರವರಿ ತಿಂಗಳಲ್ಲಿ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಇನ್ನೂ ಗಂಟೆ ಹೊಡೆದಿರಲಿಲ್ಲ, ಅವಳ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದು ವರಾಂಡದ ಮೆಟ್ಟಿಲ ಮೇಲೆ ಕುಳಿತರು.

"ಮೇಷ್ಟ್ರೇ, ಇವಳಿಗೆ ಹದಿನಾಲ್ಕು ತುಂಬೈತೆ ಅಂತ ಒಂದು ಚೀಟಿ ಬರ್ಕೊಡಿ."

ವಿಷಯ ಇಷ್ಟು. ತಾಯಿಗೆ ಟೀಬಿ ಹಿಡಿದು ಸ್ಯಾನಿಟೋರಿಯಂ ಸೇರಿದ್ದರು. ವಾಸಿಯಾದರೂ ತಿನ್ನುವ ಪದಾರ್ಥದ ಕಾರ್ಖಾನೆಗೆ ಮತ್ತೆ ಸೇರಿಸಿಕೊಳ್ಳುವಂತಿರಲಿಲ್ಲ. ಮಾಲೀಕರು ಕೆಟ್ಟವರಲ್ಲ. ತಾಯಿಯ ಜಾಗವನ್ನು ಮಗಳಿಗೆ ಕೊಡುತ್ತೇನೆ, ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದರು. ಆದರೆ ಕಾನೂನು ಇತ್ತು. ಹದಿನಾಲ್ಕು ತುಂಬದ ಮಗುವನ್ನು ಕಾರ್ಖಾನೆಯೊಳಗೆ ಬಿಡುವಂತಿಲ್ಲ. ತುಂಬಿದ್ದರೆ ಸರ್ಕಾರ ನೇಮಿಸಿದ ಡಾಕ್ಟರು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕು. ಅದರ ನಂಬರು ಕೊರೆದ ಒಂದು ಬಿಲ್ಲೆಯನ್ನು ಮಗು ಕೆಲಸದ ಹೊತ್ತಿನಲ್ಲಿ ಧರಿಸಿರಬೇಕು. ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ದುಡಿಸಬಾರದು.

ಈ ನಾಲ್ಕೂವರೆ ಗಂಟೆಯ ಮೇಲೆಯೇ ಹುಡುಗಿ ತನ್ನ ಲೆಕ್ಕ ಕಟ್ಟಿದ್ದಳು. "ಏಳು ಗಂಟೆಗೆ ಹೋದ್ರೆ ಹನ್ನೊಂದೂವರೆಗೆ ಬಿಡ್ತಾರೆ ಸಾರ್. ಓಡಿ ಬಂದ್ರೆ ಎರಡನೇ ಪಿರಿಯಡ್ ಅರ್ಧ ಸಿಗುತ್ತೆ. ಮೊದಲನೇದು ಡ್ರಾಯಿಂಗು, ಕ್ರಾಫ್ಟು. ಅದು ಹೋದ್ರೆ ಹೋಗ್ಲಿ." ಮನೆಯೂ ನಡೆಯಬೇಕು, ಏಳನೇ ತರಗತಿಯ ಪರೀಕ್ಷೆಗೂ ಕೂರಬೇಕು. ಎರಡೂ ಆಗುವ ದಾರಿ ಅವಳಿಗೆ ಕಂಡಿದ್ದು ಇದೊಂದೇ. ಬಿಲ್ಲೆ ಸಿಗದಿದ್ದರೆ ಶಾಲೆ ಬಿಡಬೇಕು ಎಂದು ಅಜ್ಜಿ ಆಗಲೇ ಹೇಳಿಯಾಗಿತ್ತು.

"ರಿಜಿಸ್ಟರ್ ನೋಡ್ಬೇಕು ಅಜ್ಜಿ," ಎಂದೆ.

"ಅದನ್ಯಾಕೆ ನೋಡ್ತೀರ? ನಾನು ಹೇಳ್ತಾ ಇಲ್ವಾ. ಅವರೆಕಾಯಿ ಕಾಲ, ಇವಳು ಹುಟ್ಟಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ನಿಮ್ಮ ರಿಜಿಸ್ಟ್ರು ಎಲ್ಲಿತ್ತು ಆವಾಗ?"

ಈ ಪ್ರಶ್ನೆಗೆ ಶಿಕ್ಷಣ ಇಲಾಖೆಯಲ್ಲಿ ಇವತ್ತಿಗೂ ಉತ್ತರವಿಲ್ಲ. ನಾನು ರಿಜಿಸ್ಟರು ತೆಗೆದೆ. ನನ್ನದೇ ದುಂಡನೆಯ ಅಕ್ಷರದಲ್ಲಿ ಹುಡುಗಿಗೆ ಹನ್ನೆರಡು ವರ್ಷ ಎಂಟು ತಿಂಗಳಾಗಿತ್ತು.

"ಒಂದೂವರೆ ವರ್ಷ ಎಲ್ಲಿಗೆ ಹೋಯ್ತು ಮೇಷ್ಟ್ರೇ?"

"ಅದು ಮುಂದಕ್ಕೆ ಒಳ್ಳೇದಾಗ್ಲಿ ಅಂತ... ರಿಟೈರಾಗೋವಾಗ..."

"ಯಾರು ರಿಟೇರಾಗೋದು?"

ಹುಡುಗಿ ತಲೆ ತಗ್ಗಿಸಿಕೊಂಡಳು. ಅಜ್ಜಿಯ ಮಾತಿಗೆ ಅವಳಿಗೆ ನಾಚಿಕೆಯಾಯಿತೋ, ನನ್ನ ಸ್ಥಿತಿಗೆ ಅಯ್ಯೋ ಅನ್ನಿಸಿತೋ ಗೊತ್ತಿಲ್ಲ.

ಹೆಡ್ ಮೇಷ್ಟ್ರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮುಂದೆ ಬರುವುದು ನಿಯಮ ಎಂದು ನಮಗೆಲ್ಲ ಗೊತ್ತಿತ್ತು. "ನೋಡಿ ಮೇಷ್ಟ್ರೇ, ರಿಜಿಸ್ಟರ್‌ನಲ್ಲಿ ತಪ್ಪು ಬರೆಯೋದಕ್ಕೆ ಯಾರ ಅನುಮತೀನೂ ಬೇಕಾಗಿಲ್ಲ. ತಿದ್ದೋದಕ್ಕೆ ಮಾತ್ರ ಕೋರ್ಟಿನ ಆರ್ಡರ್ ಬೇಕು. ಅದಕ್ಕೆ ಒಂದೂವರೆ ವರ್ಷ ಹಿಡಿಯುತ್ತೆ. ಅಷ್ಟರೊಳಗೆ ಹುಡುಗಿಗೆ ರಿಜಿಸ್ಟರ್ ಪ್ರಕಾರವೇ ಹದಿನಾಲ್ಕು ಆಗೋ ಹಾಗಿರುತ್ತೆ."

"ಹಾಗಾದ್ರೆ ಏನು ಮಾಡೋದು ಸಾರ್?"

ಅವರು ಕಿಟಕಿಯ ಆಚೆ ನೋಡುತ್ತ, ನನಗಲ್ಲ ರಾಗಿ ಹೊಲಕ್ಕೆ ಹೇಳುವವರಂತೆ, ಹೇಳಿದರು. "ಶಾಲೆ ಮೆಟ್ಟಿಲೇ ಹತ್ತದ ಮಕ್ಕಳಿಗೆ ಎಲ್ಲಿಂದ ಬರಬೇಕು ಸರ್ಟಿಫಿಕೇಟು? ಅಂಥೋರಿಗೆ ಡಾಕ್ಟ್ರು ಹಲ್ಲು ಎಣಿಸಿ, ಎತ್ತರ ನೋಡಿ ವಯಸ್ಸು ಬರ್ಕೋತಾರಂತೆ. ಯಾರೋ ಹೇಳ್ತಿದ್ರು. ನಾನೇನೂ ಹೇಳ್ಲಿಲ್ಲ." ಕನ್ನಡಕ ಹಾಕಿಕೊಂಡು ಹಾಜರಿ ಪುಸ್ತಕ ನೋಡತೊಡಗಿದರು.

ಹೀಗಾಗಿ, ಒಬ್ಬ ಹುಡುಗಿಗೆ ಓದು ಕಲಿಸಲು ಎಂಟು ವರ್ಷ ಸಂಬಳ ತೆಗೆದುಕೊಂಡ ನಾನು, ಅವಳಿಗೆ ಓದು ಬಾರದಿರುವುದನ್ನು ಎರಡು ಸಂಜೆಗಳಲ್ಲಿ ಕಲಿಸಲು ಕುಳಿತೆ.

ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅವಳು ಕಂಡದ್ದನ್ನೆಲ್ಲ ಓದುವ ಹುಡುಗಿ. ಕಡಲೆಕಾಯಿ ಕಟ್ಟಿದ ಕಾಗದ, ಗೋಡೆಯ ಮೇಲಿನ ಚುನಾವಣೆಯ ಬರಹ, ಬಿಸ್ಕತ್ತಿನ ಡಬ್ಬ, ಎಲ್ಲವನ್ನೂ ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು.

"ಓದಬಾರ್ದು ಅಂದ್ರೆ ಕಣ್ಣು ಮುಚ್ಕೋಬೇಕಾ ಸಾರ್?"

"ಬೇಡ. ನೋಡು. ಓದ್ಬೇಡ, ಅಷ್ಟೆ."

"ನೋಡಿದ್ರೆ ಅದೇ ಓದಿಬಿಡುತ್ತಲ್ಲ ಸಾರ್."

ಹಳೆಯ ಪತ್ರಿಕೆಯೊಂದನ್ನು ತಲೆಕೆಳಗು ಮಾಡಿ ಅವಳ ಕೈಗೆ ಕೊಟ್ಟೆ. ಕೈ ತಾನಾಗಿ ಅದನ್ನು ನೆಟ್ಟಗೆ ತಿರುಗಿಸಿತು. ಮತ್ತೆ ಕೊಟ್ಟೆ, ಮತ್ತೆ ತಿರುಗಿಸಿತು. ಅಜ್ಜಿ ಬಾಗಿಲಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತ, "ನನ್ನನ್ನ ನೋಡಿ ಕಲಿ ಮಗಾ, ನಂಗೆ ಯಾವತ್ತೂ ಹಂಗಾಗಿಲ್ಲ" ಎಂದರು. ಎರಡನೆಯ ಸಂಜೆಗೆ ಹುಡುಗಿ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು, ಅದರಲ್ಲಿನ ಚಿತ್ರವನ್ನು ಮಾತ್ರ ಕುತ್ತಿಗೆ ತಿರುಗಿಸಿ ನೋಡುವಷ್ಟು ಪಳಗಿದಳು. ಯಾವ ಕ್ಲಾಸು ಎಂದರೆ, "ಶಾಲೆಗೆ ಹೋಗಿಲ್ಲ ಸಾಮಿ." ರುಜು ಹಾಕು ಎಂದರೆ ಹೆಬ್ಬೆಟ್ಟು ಮುಂದೆ ಮಾಡಬೇಕು. ಹೆಬ್ಬೆಟ್ಟನ್ನು ಮಸಿಯಲ್ಲಿ ಎಷ್ಟು ಒತ್ತಬೇಕೆಂದು ಅಜ್ಜಿ ತೋರಿಸಿಕೊಟ್ಟರು. ಇನ್‌ಸ್ಪೆಕ್ಟರ ಮುಂದೆ ಮಕ್ಕಳು ಪಾಠ ಒಪ್ಪಿಸಿದಾಗ ಆಗುವಂಥ ಹೆಮ್ಮೆ ನನಗೆ ಆಯಿತು. ಮನೆಗೆ ಬಂದು ಕೈ ತೊಳೆದ ಮೇಲೆ ಊಟ ಸೇರಲಿಲ್ಲ.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ನಾನು ಅರ್ಧ ದಿನದ ರಜೆ ಹಾಕಿದೆ. ಮೇಷ್ಟ್ರು ಎಂದು ಹೇಳಿಕೊಳ್ಳದೆ ಪಕ್ಕದ ಮನೆಯವನಾಗಿ ಬರುವುದೆಂದು ಒಪ್ಪಂದವಾಗಿತ್ತು. ಅಜ್ಜಿ, ಹುಡುಗಿ, ನಾನು ಊರ ದೇವಸ್ಥಾನದ ಹತ್ತಿರ ಬಸ್ಸು ಹತ್ತಿದೆವು. ಲಾಲ್‌ಬಾಗಿನ ಗೇಟು ಬರುವವರೆಗೆ ಅವಳು ಕಿಟಕಿಯ ಆಚೆ ನೋಡಲಿಲ್ಲ. ಸೆರಗಿನ ತುದಿಯನ್ನು ನೋಡುತ್ತ ಕುಳಿತಿದ್ದಳು. ಅಂಗಡಿಯ ಬೋರ್ಡುಗಳಿಂದ ಅವಳು ತನ್ನನ್ನು ಕಾಪಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ತಡವಾಗಿ ತಿಳಿಯಿತು.

ಡಾಕ್ಟರ ಆಫೀಸು ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿತ್ತು. ಬೆಂಚಿನ ಮೇಲೆ ನಮ್ಮಂತೆಯೇ ಬಂದ ಏಳೆಂಟು ಮಕ್ಕಳು, ಅವರ ಹಿರಿಯರು. ಎಲ್ಲರೂ ತಮ್ಮ ತಮ್ಮ ಮಕ್ಕಳಿಗೆ ನೆಟ್ಟಗೆ ಕೂರು, ಎದೆ ಉಬ್ಬಿಸು ಎಂದು ಪಿಸುಗುಡುತ್ತಿದ್ದರು. ಒಬ್ಬ ತಾಯಿ ಮಗನ ಚಪ್ಪಲಿಯೊಳಗೆ ಕಾಗದ ಮಡಿಸಿ ತುರುಕುತ್ತಿದ್ದಳು. ಒಳಗೆ ಹೋದ ಮೇಲೆ ಚಪ್ಪಲಿ ಬಿಚ್ಚಿಸುತ್ತಾರೆಂದು ಯಾರೋ ಹೇಳಿದರು. ಆಕೆ ಕಾಗದವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಡಾಕ್ಟರು ಐವತ್ತರ ಆಸುಪಾಸಿನವರು, ದಣಿದ ಮುಖ. ಹುಡುಗಿಯನ್ನು ತೂಗಿದರು, ಗೋಡೆಗೆ ನಿಲ್ಲಿಸಿ ಅಳೆದರು. ಬಾಯಿ ತೆಗೆಸಿ ಹಿಂದಿನ ದವಡೆಯವರೆಗೆ ಟಾರ್ಚು ಬಿಟ್ಟು ಎಣಿಸಿದರು. "ಇಪ್ಪತ್ತೆಂಟು. ಹದಿನಾಲ್ಕು ಆಗಿದೆ, ಅನುಮಾನ ಇಲ್ಲ," ಎಂದು ತಮ್ಮಷ್ಟಕ್ಕೆ ಹೇಳಿ ಬರೆದುಕೊಂಡರು. ಅಜ್ಜಿ ನನ್ನ ಕಡೆ ನೋಡಿದರು. ನಾನು ಪಕ್ಕದ ಮನೆಯವನಿಗೆ ಉಚಿತವಾದಷ್ಟು ಮಾತ್ರ ತಲೆಯಾಡಿಸಿದೆ.

ಶಾಲೆಗೆ ಹೋಗಿದ್ದೀಯಾ ಎಂಬ ಪ್ರಶ್ನೆ ಇನ್ನೂ ಬಂದಿರಲಿಲ್ಲ. ಅವರ ನಮೂನೆಯಲ್ಲಿ ಅದು ಕಣ್ಣಿನ ಪರೀಕ್ಷೆಯ ಕೆಳಗಿತ್ತು. ಇದು ನಮಗೆ ಗೊತ್ತಿರಲಿಲ್ಲ. ಕಣ್ಣಿನ ಪರೀಕ್ಷೆ ಇದೆ ಎಂಬುದೂ ಗೊತ್ತಿರಲಿಲ್ಲ.

ಡಾಕ್ಟರು ನಮೂನೆಯಿಂದ ತಲೆ ಎತ್ತದೆ, ಲೇಖನಿಯ ಹಿಂತುದಿಯಿಂದ ಎದುರು ಗೋಡೆಯನ್ನು ತೋರಿಸಿದರು. ಅಲ್ಲಿ ಕನ್ನಡ ಅಕ್ಷರಗಳ ಹಲಗೆ ತೂಗುಹಾಕಿತ್ತು. ಮೇಲೆ ಕುಂಬಳಕಾಯಿಯಷ್ಟು ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದು. "ಒಂದು ಕಣ್ಣು ಮುಚ್ಕೊಂಡು ಹೇಳಮ್ಮ. ಎಲ್ಲೀವರೆಗೆ ಕಾಣುತ್ತೆ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಕಾಣಲ್ವಾ?" ಎಂದರು ಡಾಕ್ಟರು, ಲೇಖನಿಯನ್ನು ಕಾಗದದ ಮೇಲಿಟ್ಟು, ಕಾಣುವುದಿಲ್ಲ ಎಂದು ಬರೆಯುವವರಂತೆ.

ಅವಳು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಓದಿದಳು. ಮೇಲಿನ ಸಾಲಿನಿಂದ ಶುರುಮಾಡಿ, ಒಂದಕ್ಷರವೂ ತಪ್ಪದೆ, ಶಾಲೆಯಲ್ಲಿ ಪದ್ಯ ಓದುವ ಧ್ವನಿಯಲ್ಲಿ. ಕೊನೆಯ ಸಾಲು ಮುಗಿದ ಮೇಲೂ ನಿಲ್ಲಿಸಲಿಲ್ಲ. ಹಲಗೆಯ ಬುಡದಲ್ಲಿ ಸಾಸಿವೆ ಗಾತ್ರದಲ್ಲಿದ್ದ ಅಚ್ಚುಕೂಟದ ವಿಳಾಸವನ್ನೂ ಬೀದಿ, ಪೇಟೆ ಸಮೇತ ಓದಿ, ಆಮೇಲೆ ಕೈ ಬದಲಾಯಿಸಿ ಬಲಗಣ್ಣು ಮುಚ್ಚಿಕೊಂಡಳು.

"ಸಾಕು," ಎಂದರು ಡಾಕ್ಟರು. "ಎಂಟು ವರ್ಷದಿಂದ ಈ ಗೋಡೆ ಮುಂದೆ ಕೂತಿದ್ದೀನಿ. ಅಲ್ಲಿ ವಿಳಾಸ ಇದೆ ಅಂತ ನನಗೇ ಗೊತ್ತಿರ್ಲಿಲ್ಲ. ಯಾವ ಕ್ಲಾಸಮ್ಮ?"

"ಏಳನೇ ಕ್ಲಾಸು ಸಾರ್." ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ತಿಳಿದ ಮೇಲೆ ಅವಳು ಎಲ್ಲವನ್ನೂ ಕ್ರಮವಾಗಿ ಒಪ್ಪಿಸಿದಳು. "ಇವರೇ ನಮ್ಮ ಮೇಷ್ಟ್ರು."

ಡಾಕ್ಟರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. "ಶಾಲೆ ದಾಖಲೆ ಇದ್ರೆ ಅದೇ ಪುರಾವೆ ಮೇಷ್ಟ್ರೇ. ನಾನು ಹಲ್ಲು ನೋಡೋ ಹಾಗಿಲ್ಲ. ಅದರಲ್ಲಿ ಎಷ್ಟಿದೆ?"

"ಹನ್ನೆರಡು ಎಂಟು ತಿಂಗಳು. ಅದು ತಪ್ಪು ಸಾರ್. ಬರೆದೋನು ನಾನೇ."

"ನಿಯಮ ಸುಮ್ನೆ ಮಾಡಿದ್ದಲ್ಲ. ಹೋದ ವಾರ ಹತ್ತು ವರ್ಷದ ಮಗೂನ ಹದಿನಾಲ್ಕು ಅಂತ ಕರ್ಕೊಂಡು ಬಂದಿದ್ರು. ಹಾಲುಹಲ್ಲು ಇನ್ನೂ ಬಿದ್ದಿರ್ಲಿಲ್ಲ." ಅವರು ಹುಡುಗಿಯ ಕಡೆ ಒಮ್ಮೆ ನೋಡಿ, ಒಂದು ಬಿಳಿ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಅದರ ಮೇಲೆ ತಮ್ಮ ಲೇಖನಿಯನ್ನಿಟ್ಟರು. "ಇವಳ ವಿಷಯ ಬೇರೆ ಅಂತ ನನಗೂ ಕಾಣುತ್ತೆ. ತಾರೀಖು ಬರೆದೋನು ನಾನು, ಗೊತ್ತಿದ್ದೇ ತಪ್ಪು ಬರೆದಿದ್ದೀನಿ ಅಂತ ಬರೆದು ರುಜು ಹಾಕಿ. ಅದನ್ನ ಇಟ್ಕೊಂಡು ನಾನು ಸರ್ಟಿಫಿಕೇಟ್ ಕೊಡ್ತೀನಿ. ಮೇಲಿನೋರು ಕೇಳಿದ್ರೆ ಉತ್ತರ ಹೇಳ್ಕೋತೀನಿ."

ನಾನು ಲೇಖನಿ ಎತ್ತಿಕೊಂಡೆ. ಗೊತ್ತಿದ್ದೇ ಎಂಬ ಮಾತನ್ನು ಬರೆದರೆ ಅದು ಒಬ್ಬ ಹುಡುಗಿಯ ತಾರೀಖಾಗಿ ಉಳಿಯುವುದಿಲ್ಲ. ಒಂಬತ್ತು ವರ್ಷದ ರಿಜಿಸ್ಟರು ತೆರೆಯುತ್ತದೆ, ಹೆಡ್ ಮೇಷ್ಟ್ರಿಗೂ ಅವರ ಮಗನಿಗೂ ಇರುವ ಹದಿನಾರು ವರ್ಷದ ಅಂತರ ಹೊರಗೆ ಬರುತ್ತದೆ, ನನ್ನ ಕೆಲಸ ಹೋಗುತ್ತದೆ. ಆಗ ತಾನೇ ನನಗೆ ಮದುವೆಯಾಗಿತ್ತು. ಇವೆಲ್ಲ ಎಷ್ಟು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಹಾದುಹೋದವೋ ತಿಳಿಯದು.

"ಹೆಡ್ ಮೇಷ್ಟ್ರನ್ನ ಒಂದು ಮಾತು ಕೇಳಿ ಬರ್ತೀನಿ ಸಾರ್," ಎಂದೆ.

"ಕೇಳಿ," ಎಂದು ಅವರು ಲೇಖನಿಯನ್ನು ವಾಪಸು ತೆಗೆದುಕೊಂಡು ಮುಚ್ಚಳ ಹಾಕಿದರು. "ಮುಂದಿನೋರನ್ನ ಕಳಿಸಿ."

ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಅಜ್ಜಿ ಮುಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕುಳಿತರು. ಮಸಿ ಹಚ್ಚಿಕೊಳ್ಳದೆ ಉಳಿದ ಹೆಬ್ಬೆಟ್ಟನ್ನು ಹುಡುಗಿ ಉಜ್ಜಿಕೊಳ್ಳುತ್ತಿದ್ದಳು.

"ಕಣ್ಣು ಕಾಣಲ್ಲ ಅಂತ ಬರ್ಕೊಂಡ್ರೆ ಬಿಲ್ಲೆ ಕೊಡಲ್ಲ ಅಲ್ವಾ ಸಾರ್," ಎಂದಳು. "ಅದಕ್ಕೆ ಓದ್ದೆ."

"ಸರಿಯಾಗೇ ಮಾಡ್ದೆ," ಎಂದೆ.

"ಹೆಡ್ ಮೇಷ್ಟ್ರು ಒಪ್ತಾರಾ?"

"ನೋಡೋಣ."

ಅಜ್ಜಿ ತಿರುಗದೆಯೇ ಹೇಳಿದರು. "ಎಂಟು ವರ್ಷ ಶಾಲೆಗೆ ಕಳಿಸಿದ್ದಕ್ಕೆ ಇಷ್ಟಾಯ್ತು. ಕಳಿಸದೇ ಇದ್ದಿದ್ರೆ ಇವತ್ತು ಬಿಲ್ಲೆ ಕೊರಳಲ್ಲಿರ್ತಿತ್ತು." ಬಸ್ಸಿನಲ್ಲಿದ್ದವರಿಗೆ ಕೇಳಿಸಲೆಂದೇ ಹೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನಾನು ಜಯನಗರದವರೆಗೂ ಪ್ರಯತ್ನಿಸಿದೆ.

ಹೆಡ್ ಮೇಷ್ಟ್ರು ಈ ಸಲ ಕನ್ನಡಕ ತೆಗೆಯಲಿಲ್ಲ. "ನೀವು ಬರ್ಕೊಡೋದಾದ್ರೆ ನಾನು ಬೇಡ ಅನ್ನೋಕಾಗಲ್ಲ. ನಿಮ್ಮ ಮನಸ್ಸಾಕ್ಷಿ ನಿಮ್ಮದು. ಈ ಶಾಲೆಯಲ್ಲಿ ಹನ್ನೊಂದು ಜನ ಮೇಷ್ಟ್ರಿದ್ದಾರೆ, ಅವರ ಹೆಂಡ್ತಿ ಮಕ್ಕಳಿದ್ದಾರೆ. ಯೋಚನೆ ಮಾಡಿ." ನಾನು ಮೂರು ದಿನ ಯೋಚನೆ ಮಾಡಿದೆ. ಆ ಮೂರು ದಿನವೂ ಹುಡುಗಿ ಶಾಲೆಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ನನ್ನನ್ನು ಏನೂ ಕೇಳಲಿಲ್ಲ. ಭೂಗೋಳದ ಪಾಠದಲ್ಲಿ ನಾನು ಎರಡು ಸಲ ತಪ್ಪು ಹೇಳಿದೆ. ಅವಳು ತಿದ್ದಲಿಲ್ಲ. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದಳು.

ನಾಲ್ಕನೆಯ ದಿನಕ್ಕೆ ತಿಂಗಳು ಮುಗಿದಿತ್ತು. ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ. ಬಿಸ್ಕತ್ ಕಾರ್ಖಾನೆಯ ಆ ಜಾಗಕ್ಕೆ ಯಡಿಯೂರಿನ ಕಡೆಯ ಇನ್ನೊಬ್ಬ ಹುಡುಗಿ ಸೇರಿದಳು. ಅವಳು ಶಾಲೆಗೆ ಹೋದವಳಲ್ಲ. ನಮ್ಮ ಹುಡುಗಿ ಮಾರ್ಚಿನ ಎರಡನೆಯ ವಾರದಿಂದ ಅಜ್ಜಿಯ ಜೊತೆ ಮನೆಯಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಊದುಬತ್ತಿ ಹೊಸೆಯತೊಡಗಿದಳು. ಮನೆಯೊಳಗಿನ ಆ ಕೆಲಸಕ್ಕೆ ವಯಸ್ಸಿನ ಮಿತಿಯಾಗಲಿ ಗಂಟೆಯ ಮಿತಿಯಾಗಲಿ ಇರಲಿಲ್ಲ. ಏಳನೇ ತರಗತಿ ಪರೀಕ್ಷೆಗೆ ಅವಳು ಕೂರಲಿಲ್ಲ.